ಧರ್ಮರಾಯನ ನಾಯಿಯ ಮೈಮೇಲಿನ ಚಿಗಟ

ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿ 1919ರಲ್ಲಿ ಕೈಗೆತ್ತಿಕೊಂಡ ಕೆಲಸವೊಂದು ಮುಗಿಯಲು 1966ರವರೆಗೆ ಕಾಯಬೇಕಾಯಿತು. 1259 ಹಸ್ತಪ್ರತಿಗಳನ್ನು ಪದಪದವಾಗಿ ಹೋಲಿಸಿ ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸುವ ಕೆಲಸ ಅದು. ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಕಥೆಯ ಕೊನೆಗೆ ಆ ನಾಯಿ ಉಳಿದುಕೊಂಡಿದೆ. ತಮ್ಮಂದಿರು, ಹೆಂಡತಿ ಒಬ್ಬೊಬ್ಬರಾಗಿ ಬಿದ್ದುಹೋದರೂ ಹಸ್ತಿನಾವತಿಯಿಂದ ಹಿಮಾಲಯದವರೆಗೆ ಧರ್ಮರಾಯನ ಹಿಂದೆಯೇ ನಡೆದ ನಾಯಿ. ಅದನ್ನು ಬಿಟ್ಟು ರಥ ಹತ್ತು ಎಂದ ಇಂದ್ರನಿಗೆ ಅವನು ಒಲ್ಲೆ ಎಂದ. ಈ ಪ್ರಸಂಗ ಯಾರಿಗೆ ಗೊತ್ತಿಲ್ಲ?

ಆದರೆ ಅಷ್ಟು ದೂರ ಊರುಕೇರಿ ದಾಟಿ ಬಂದ ನಾಯಿಯ ಮೈಯಲ್ಲಿ ಚಿಗಟ ಇದ್ದಿರಲೇಬೇಕು. ‘ನಾಯಿ ಬರಲಿ, ಚಿಗಟವನ್ನು ಕೆಳಗಿಳಿಸು’ ಎಂದು ಇಂದ್ರ ಹೇಳಿದ್ದರೆ ಧರ್ಮರಾಯ ಏನು ಮಾಡುತ್ತಿದ್ದ? ನಂಬಿ ಬಂದವರನ್ನು ಕೈಬಿಡಲಾರೆ ಎಂಬ ಅವನ ಮಾತು ಆ ನಾಯಿಯನ್ನೇ ನಂಬಿ ಬದುಕಿದ ಹುಳಕ್ಕೂ ಅನ್ವಯಿಸುತ್ತದೆಯೇ?

ಪ್ರಶ್ನೆ ತಮಾಷೆಯದಂತೆ ಕಂಡರೂ ಪುಣೆಯ ಫ್ಲಾಟುಗಳಲ್ಲಿ ಪ್ರತಿ ಮಳೆಗಾಲಕ್ಕೂ ಜೀವ ತಳೆಯುತ್ತದೆ. ಮರಾಠಿಯವರು ‘ಪಿಸೂ’ ಎನ್ನುವ, ನಮ್ಮವರು ಚಿಗಟ ಎನ್ನುವ ಈ ಹುಳಕ್ಕೆ ಬೆಚ್ಚಗಿನ ತೇವದ ಗಾಳಿ ಬಲು ಇಷ್ಟ. ಹೊಟ್ಟೆ ತುಂಬಿದ ಒಂದು ಹೆಣ್ಣು ದಿನಕ್ಕೆ ನಲವತ್ತರಷ್ಟು ಮೊಟ್ಟೆ ಇಡುತ್ತದೆ. ಅವು ನಾಯಿಯ ಮೈಗೆ ಅಂಟಿಕೊಳ್ಳದೆ ಹಾಸಿಗೆ, ಸೋಫಾ, ಚಾಪೆಯ ಸಂದಿಗೆ ಉದುರುತ್ತವೆ. ಕಣ್ಣಿಗೆ ಬೀಳುವ ದೊಡ್ಡ ಚಿಗಟಗಳು ಒಟ್ಟು ಸಂಸಾರದ ನೂರಕ್ಕೆ ಐದು ಭಾಗ ಮಾತ್ರ ಎಂಬುದು ಪಶುವೈದ್ಯರ ಲೆಕ್ಕ. ಉಳಿದ ತೊಂಬತ್ತೈದು ಮೊಟ್ಟೆಯಾಗಿ, ಮರಿಯಾಗಿ, ಗೂಡಾಗಿ ಮನೆಯ ದೂಳಿನಲ್ಲಿರುತ್ತದೆ.

ಪುಣೆಯಲ್ಲಿ ಜೈನರ ಮನೆಗಳು ಬೇಕಾದಷ್ಟಿವೆ. ಗುಜರಾತ್, ರಾಜಸ್ಥಾನ ಮೂಲದವರಲ್ಲದೆ ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಕಡೆಯಿಂದ ಬಂದು ಇಂದಿಗೂ ಮನೆಯೊಳಗೆ ಕನ್ನಡ ಆಡುವವರೂ ಇದ್ದಾರೆ. ಹುಳಹುಪ್ಪಟೆಯ ವಿಷಯದಲ್ಲಿ ಜೈನ ಶಾಸ್ತ್ರದಷ್ಟು ತಲೆ ಕೆಡಿಸಿಕೊಂಡ ಶಾಸ್ತ್ರ ಇನ್ನೊಂದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಎಣಿಕೆಯಲ್ಲಿ ಸಾಲು ನಿಲ್ಲಿಸುತ್ತದೆ. ಕ್ರಿಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಹೇನು, ತಿಗಣೆ ಇರುವೆಯ ಸಾಲಿಗೆ ಸೇರುತ್ತವೆ; ಚಿಗಟದ ಜಾಗವೂ ಅಲ್ಲೇ. (ಭೂತಗನ್ನಡಿಯಲ್ಲಿ ನೋಡಿದರೆ ಬೆಕ್ಕು, ನಾಯಿಗಳ ಚಿಗಟಕ್ಕೆ ಎರಡು ಚುಕ್ಕೆಗಣ್ಣು ಕಾಣುತ್ತವೆ. ಹಾಗಾದರೆ ಅದಕ್ಕೆ ಬಡ್ತಿ ಕೊಡಬೇಕೋ ಏನೋ, ಪಂಡಿತರೇ ಹೇಳಬೇಕು.)

ನಾಯಿ ಐದು ಇಂದ್ರಿಯದ್ದು, ಚಿಗಟ ಮೂರರದ್ದು. ಹಾಗಾಗಿ ದೊಡ್ಡದನ್ನು ಉಳಿಸಲು ಚಿಕ್ಕದನ್ನು ಕೊಲ್ಲಬಹುದು ಎಂದು ಸಲೀಸಾಗಿ ತೀರ್ಪು ಕೊಡಲು ಶಾಸ್ತ್ರ ಒಪ್ಪುವುದಿಲ್ಲ. ಅದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬೇಕೆಂದೇ ಮಾಡುವುದು ಸಂಕಲ್ಪೀ, ಅಡುಗೆ–ಕಸಬರಿಗೆಯಂಥ ಮನೆಗೆಲಸದಲ್ಲಿ ಆಗುವುದು ಆರಂಭೀ, ಕಸುಬಿನಲ್ಲಿ ಆಗುವುದು ಉದ್ಯೋಗೀ, ಮೇಲೆ ಬಿದ್ದವರನ್ನು ಎದುರಿಸುವಾಗ ಆಗುವುದು ವಿರೋಧೀ. ಸಂಸಾರಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು; ಉಳಿದ ಮೂರನ್ನು ಆದಷ್ಟು ತಗ್ಗಿಸಬೇಕು. ಚಿಗಟಕ್ಕೆ ಮದ್ದು ಹೊಡೆಯುವುದು ಇದರಲ್ಲಿ ಯಾವುದು? ಹುಡುಕಿ ಹುಡುಕಿ ಕೊಲ್ಲುವುದರಿಂದ ಸಂಕಲ್ಪೀಯೇ? ಮನೆ ಶುಚಿ ಮಾಡುವುದರಿಂದ ಆರಂಭೀಯೇ? ರಕ್ತ ಹೀರಲು ಬಂದವನನ್ನು ತಡೆಯುವುದರಿಂದ ವಿರೋಧೀಯೇ? ಜಗಳವಾಡಲು ಒಂದು ಚಾತುರ್ಮಾಸ ಸಾಲದು.

ಚಿಗಟದ ಪರವಾಗಿಯೇ ಪೂರ್ತಿ ವಾಲಿದವರೂ ಇತಿಹಾಸದಲ್ಲಿದ್ದಾರೆ. 1689ರಲ್ಲಿ ಹಡಗು ಹತ್ತಿ ಸೂರತ್ತಿಗೆ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ಅಲ್ಲಿನ ಪ್ರಾಣಿಗಳ ಆಸ್ಪತ್ರೆಯ ಜೊತೆಗೆ ತಿಗಣೆ, ಚಿಗಟಗಳಿಗೆಂದೇ ಇದ್ದ ಇನ್ನೊಂದು ಆಸ್ಪತ್ರೆಯ ವಿಷಯ ಬರೆದಿದ್ದಾನೆ. ಆಗಾಗ ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿಯಿಡೀ ಅಲ್ಲಿ ಮಲಗಿಸುತ್ತಿದ್ದರಂತೆ, ಹುಳಗಳ ಊಟಕ್ಕೆ. ಪುಣ್ಯ ಒಬ್ಬರದು, ರಕ್ತ ಇನ್ನೊಬ್ಬರದು. ಈ ಅಹಿಂಸೆಯ ಲೆಕ್ಕದಲ್ಲಿ ಆ ಬಡವ ಎಲ್ಲೂ ಬರಲಿಲ್ಲ. ಚಿಗಟ ತುಂಬಿದ ನಾಯಿಯನ್ನು ‘ಪಾಪ, ಅವೂ ಜೀವವಲ್ಲವೇ’ ಎಂದು ಬಿಟ್ಟುಬಿಡುವ ಮನೆಯಲ್ಲಿ ಆ ಕೂಲಿಯವನ ಜಾಗದಲ್ಲಿ ನಾಯಿ ಮಲಗಿರುತ್ತದೆ, ಅದೂ ಕೂಲಿಯಿಲ್ಲದೆ.

ಪುಣೆಗೆ ಚಿಗಟದ ಇನ್ನೊಂದು ನೆನಪೂ ಇದೆ, ಅದು ಕಹಿಯಾದದ್ದು. 1897ರ ಪ್ಲೇಗಿನಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನು ಹೊರಗೆಸೆದರು. ರೋಗಿಗಳ ಸೇವೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ ಆ ವರ್ಷದ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರ ಗುಂಡು ಬಿತ್ತು. ಇಷ್ಟೆಲ್ಲ ಆಗುವಾಗ ನಿಜವಾದ ವಾಹಕ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಇಲಿಯಿಂದ ಇಲಿಗೆ ರೋಗ ಒಯ್ಯುವುದು ಇಲಿಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನು ಲೋಕ ಒಪ್ಪಲು ಇನ್ನೂ ವರ್ಷಗಳು ಹಿಡಿದವು. ನಾಯಿಬೆಕ್ಕಿನ ಮೇಲಿರುವುದು ಇಲಿಚಿಗಟದ ಜಾತಿಯದಲ್ಲ, ಪ್ಲೇಗು ಹರಡುವುದರಲ್ಲಿ ಅದರ ಪಾತ್ರ ತೀರ ಚಿಕ್ಕದು. ಹಾಗೆಂದು ಅದು ಸಾಧುವೂ ಅಲ್ಲ. ಲಾಡಿಹುಳುವಿನ ಮರಿ ಅದರ ಹೊಟ್ಟೆಯಲ್ಲಿರಬಹುದು. ಮೈ ಕಚ್ಚಿಕೊಳ್ಳುವಾಗ ಅಂಥ ಚಿಗಟವನ್ನು ನುಂಗಿದ ನಾಯಿಗೆ ಹುಳು ಸೇರುತ್ತದೆ, ತಪ್ಪಿ ನುಂಗಿದ ಮಗುವಿಗೂ ಸೇರಬಹುದು.

ಮತ್ತೆ ಮಹಾಭಾರತಕ್ಕೇ ಬರೋಣ, ಆದಿಪರ್ವಕ್ಕೆ. ಕಳ್ಳನೆಂದು ತಪ್ಪಾಗಿ ಶೂಲಕ್ಕೇರಿದ ಮಾಂಡವ್ಯ ಮುನಿ ನನಗೇಕೆ ಈ ಶಿಕ್ಷೆ ಎಂದು ಧರ್ಮದೇವತೆಯನ್ನು ಕೇಳುತ್ತಾನೆ. ಹುಡುಗನಾಗಿದ್ದಾಗ ಹುಳಗಳ ಬಾಲಕ್ಕೆ ಹುಲ್ಲಿನ ಕಡ್ಡಿ ಚುಚ್ಚಿದೆಯಲ್ಲ ಎಂಬ ಉತ್ತರ ಬರುತ್ತದೆ. ಮಾಂಡವ್ಯ ಸುಮ್ಮನಿರಲಿಲ್ಲ. ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಧರ್ಮನಿಗೇ ಶಾಪ ಕೊಟ್ಟ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಹೊಸ ಕಾನೂನನ್ನೂ ಮಾಡಿದ. ಧರ್ಮ ವಿದುರನಾಗಿ ಹುಟ್ಟಿದ. ಕೊನೆಗೆ ಧರ್ಮರಾಯನ ಹಿಂದೆ ನಾಯಿಯ ವೇಷದಲ್ಲಿ ನಡೆದವನೂ ಇದೇ ಧರ್ಮ. ಹುಳಕ್ಕೆ ಚುಚ್ಚಿದ್ದಕ್ಕಾಗಿ ಶೂಲ ವಿಧಿಸಿದವನು ಚಿಗಟದ ಕಡಿತಕ್ಕೆ ಮೈ ಕೆರೆದುಕೊಳ್ಳುತ್ತ ಬೆಟ್ಟ ಹತ್ತಿದ್ದಾನೆ ಎಂದು ಊಹಿಸಿಕೊಂಡರೆ ವ್ಯಾಸರಿಗೆ ಅಪಚಾರವಾಗಲಾರದು.

ಬೌದ್ಧರ ಕಥೆ ಇನ್ನೂ ಇಕ್ಕಟ್ಟಿನದು. ಹನ್ನೆರಡು ವರ್ಷ ತಪಸ್ಸು ಮಾಡಿಯೂ ಮುಂದೆ ಬರಲಿರುವ ಬುದ್ಧ ಮೈತ್ರೇಯನ ದರ್ಶನವಾಗದ ಆಚಾರ್ಯ ಅಸಂಗ ದಾರಿಯಲ್ಲಿ ಹುಣ್ಣಿನ ತುಂಬ ಹುಳ ಬಿದ್ದ ನಾಯಿಯನ್ನು ಕಾಣುತ್ತಾನೆ. ಹುಳ ತೆಗೆಯದಿದ್ದರೆ ನಾಯಿ ಸಾಯುತ್ತದೆ, ತೆಗೆದರೆ ಹುಳ ಸಾಯುತ್ತವೆ. ತನ್ನ ಮಾಂಸವನ್ನೇ ಕೊಯ್ದು ಹುಳಗಳಿಗೆ ಇಟ್ಟು, ಬೆರಳು ತಾಕಿದರೆ ಅವು ನುಜ್ಜಾದಾವೆಂದು ನಾಲಿಗೆಯಿಂದ ತೆಗೆಯಲು ಬಾಗುತ್ತಾನೆ. ಆಗ ನಾಯಿ ಮೈತ್ರೇಯನಾಗುತ್ತದೆ. ಕಥೆ ಅದ್ಭುತವಾದದ್ದು, ಆದರೆ ಮನೆಯಲ್ಲಿ ಪಾಲಿಸುವಂಥದ್ದಲ್ಲ.

ಪಾಲಿಸಬಹುದಾದ ಮಾತಿಗೆ ಮತ್ತೆ ಗಡಿನಾಡಿನ ಕಡೆಗೇ ನೋಡಬೇಕು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಓದಿ, ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ ಪಾಠ ಹೇಳಿದವರು. ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಅವರು ಸಂಪಾದಿಸಿದ್ದು 1935ರಲ್ಲಿ. ಜೀವ ಸತ್ತಿತೋ ಉಳಿಯಿತೋ ಎಂಬುದು ಅದರಲ್ಲಿ ಮುಖ್ಯವಾಗುವುದಿಲ್ಲ. ಎಚ್ಚರಗೇಡಿಯಾಗಿ ನಡೆದವನಿಗೆ ಹುಳ ಸಾಯದಿದ್ದರೂ ಹಿಂಸೆಯ ದೋಷ ತಪ್ಪದು, ಜಾಗರೂಕನಾಗಿ ನಡೆದವನಿಗೆ ಅಕಸ್ಮಾತ್ ಆದ ಹಾನಿಯಿಂದ ಕರ್ಮಬಂಧವಿಲ್ಲ. ತತ್ತ್ವಾರ್ಥಸೂತ್ರವೂ ಹಿಂಸೆಯ ಮೂಲವನ್ನು ಪ್ರಮಾದದಲ್ಲೇ, ಅಂದರೆ ಎಚ್ಚರಗೇಡಿತನದಲ್ಲೇ ಕಾಣುತ್ತದೆ. ಇಲ್ಲಿ ಹೇಳಿರುವುದು ಮುನಿಯ ನಡೆ. ಚಿಗಟಕ್ಕೆ ಮದ್ದು ಹೊಡೆಯುವುದು ಅಕಸ್ಮಾತ್ ಅಲ್ಲವಾದ್ದರಿಂದ ಇದು ಕೊಲ್ಲಲು ರಹದಾರಿಯೂ ಅಲ್ಲ. ಆದರೆ ಪ್ರಶ್ನೆ ಇದರಿಂದ ಹಿಂದಕ್ಕೆ ಸರಿಯುತ್ತದೆ. ಕೊಲ್ಲಬಹುದೇ ಎಂದು ಕೇಳುವ ಮುಂಚೆ, ಕೊಲ್ಲುವ ಸ್ಥಿತಿ ಬರುವವರೆಗೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳಬೇಕು.

ಚಿಗಟದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಮೊದಲ ವಾರವೇ ಸೀರಣಿಗೆ ಹಿಡಿದು ಬಾಚಿದವನ ಕೈಗೆ ಸಿಗುವುದು ನಾಲ್ಕಾರು. ಎರಡು ತಿಂಗಳು ಅಯ್ಯೋ ಪಾಪ ಎಂದು ಕೂತವನು ಕೊನೆಗೆ ಮನೆಯಿಡೀ ವಿಷ ಹೊಡೆಸಿ ಸಾವಿರಗಟ್ಟಲೆ ಕೊಲ್ಲುತ್ತಾನೆ, ಜೊತೆಗೆ ಇರುವೆ, ಜೇಡಗಳನ್ನೂ. ಚಿಗಟದಂಥ ಜೀವಿಗಳು ಗರ್ಭದಿಂದಲ್ಲ, ಸುತ್ತಲ ಕೊಳೆ–ತೇವದಿಂದ ಹುಟ್ಟುತ್ತವೆ ಎಂಬುದು ಹಳೆಯ ಜೈನರ ನಂಬಿಕೆ. ಮೊಟ್ಟೆಯ ವಿಷಯದಲ್ಲಿ ಅವರ ಲೆಕ್ಕ ತಪ್ಪಿತ್ತು, ದೂಳಿನ ವಿಷಯದಲ್ಲಿ ತಪ್ಪಿರಲಿಲ್ಲ. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಮೂಲೆಮೂಲೆ ಗುಡಿಸಿದರೆ ಮುಂದೆ ಕೊಲ್ಲಬೇಕಾದವು ಹುಟ್ಟುವುದೇ ಕಡಿಮೆ.

ಕಾನೂನು ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನಲ್ಲದ ಯಾವುದೇ ಜೀವಿ ಪ್ರಾಣಿಯೇ. ಅಕ್ಷರ ಹಿಡಿದು ಓದಿದರೆ ಚಿಗಟವೂ ಒಳಗೆ ಬಂತು. ಆದರೆ ಅದೇ ಕಾಯ್ದೆಯ 3ನೇ ಕಲಮು, ತನ್ನ ವಶದಲ್ಲಿರುವ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ ಎನ್ನುತ್ತದೆ. ನಾಯಿಯನ್ನು ಮನೆಗೆ ತಂದದ್ದು ನಾವು, ಚಿಗಟವನ್ನಲ್ಲ. ಇಬ್ಬರ ಋಣವೂ ಒಂದೇ ಎನ್ನುವವರ ಮಾತಿಗೆ ಈ ಲೇಖನದ ಒಪ್ಪಿಗೆಯಿಲ್ಲ.

ಮದ್ದು ಬೇಕೇ ಬೇಕಾದಾಗಲೂ ಪ್ರಮಾದದ ಮಾತು ನೆನಪಿರಲಿ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಉಸಿರಿನ ಬಿಸಿ ತಾಕಿದಾಗ ಹೊರಬರುತ್ತದೆ. ಆದ್ದರಿಂದ ಒಂದು ಸಲ ಹಚ್ಚಿ ನಿಲ್ಲಿಸದೆ ಮೂರು ತಿಂಗಳಾದರೂ ಮುಂದುವರಿಸಿ. ನಾಯಿಗೆ ತಂದ ಮದ್ದು ಮಿಕ್ಕಿತೆಂದು ಬೆಕ್ಕಿಗೆ ಸವರಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ ಹತ್ತಿ ಜೀವವೇ ಹೋಗಬಹುದು. ಹಚ್ಚುವ ಮುಂಚೆ ಡಬ್ಬಿಯ ಮೇಲಿನ ಹೆಸರು ಓದಿ, ಪಶುವೈದ್ಯರನ್ನು ಕೇಳಿ.