ಹೂಳು ಯಾವುದು, ಏರಿ ಯಾವುದು?

ಹಳೆಯದನ್ನು ಉಳಿಸಿಕೊಳ್ಳಬೇಕು ಎಂಬ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ. ಉಳಿಸಿಕೊಳ್ಳುವುದೆಂದರೆ ಏನು ಮಾಡುವುದು ಎಂದು ಕೇಳಿದಾಗ ಮಾತ್ರ ಒಂದೇ ಮನೆಯ ನಾಲ್ವರು ನಾಲ್ಕು ದಾರಿ ಹಿಡಿಯುತ್ತಾರೆ. ಅಕ್ಕಲಕೋಟೆ ಸೀಮೆಯ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಸೈಕಲ್ಲಿನ ನಿಮಿತ್ತದಿಂದ.

ಅದು ಕನ್ನಡ ಸಾಲೆಯ ಮಾಸ್ತರರಾಗಿದ್ದ ನಮ್ಮ ಮುತ್ಯಾನವರದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ್‍ಯಾಲೆ; 28 ಇಂಚಿನ ಗಾಲಿ, ಸರಳಿನ ಬ್ರೇಕು, ಬ್ರೂಕ್ಸ್ ತೊಗಲಿನ ಸೀಟು, ಹಿಂದಿನ ಗಾಲಿಯಲ್ಲಿ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬು. ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಆ ಹಬ್ಬಿನ ಮೇಲೆ ಒತ್ತುವ ರೂಢಿಯಿತ್ತು. ನಮ್ಮದರಲ್ಲಿ 51 ಎಂದಿದೆ. ಆಗ ನಮ್ಮದು ಮುಂಬಯಿ ರಾಜ್ಯ. 1960ರಲ್ಲಿ ರಾಜ್ಯದ ಹೆಸರು ಮಹಾರಾಷ್ಟ್ರವಾಯಿತು. ಸೈಕಲ್ಲು ಅದೇ ಹಾದಿಯಲ್ಲಿ ಅದೇ ಸಾಲೆಗೆ ಹೋಗಿಬರುತ್ತಲೇ ಇತ್ತು. ಮುತ್ಯಾನವರು ತೀರಿಕೊಂಡ ಮೇಲೆ ಅದು ದನದ ಕೊಟ್ಟಿಗೆಯ ಮೂಲೆ ಸೇರಿ, ಮೂವತ್ತು ವರ್ಷ ಹೊಟ್ಟಿನ ಧೂಳಿನಲ್ಲಿ ನಿಂತಿತು.

ಅದನ್ನು ಹೊರಗೆ ತಂದ ದಿನ ಮನೆಯಲ್ಲಿ ಎರಡು ಪಕ್ಷಗಳಾದವು. ಬಣ್ಣವನ್ನೆಲ್ಲ ಕೆರೆದು ಹೊಸ ಬಣ್ಣ ಹೊಡೆಸಿ, ಹ್ಯಾಂಡಲ್ಲಿಗೆ ಹೊಳಪಿನ ಲೇಪ ಕೊಡಿಸಿ, ಅಂಗಡಿಯಿಂದ ಇಂದೇ ತಂದಂತೆ ಕಾಣಿಸಬೇಕು ಎಂದಿತು ಒಂದು ಪಕ್ಷ. ಮುತ್ಯಾನವರ ಕೈ ಸೋಕಿದ ಧೂಳನ್ನೂ ಒರೆಸಬಾರದು ಎಂದಿತು ಇನ್ನೊಂದು. ಮೊದಲನೆಯದು ಸವೆದ ವರ್ಷಗಳ ಬಗೆಗಿನ ಅಸಡ್ಡೆ. ಎರಡನೆಯದು ಭಕ್ತಿಯಂತೆ ತೋರುತ್ತದೆ. ಆದರೆ ತುಕ್ಕಿಗೆ ಭಕ್ತಿ ತಿಳಿಯದು, ಅದು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ.

ಈ ಬಗೆಯ ಪ್ರಶ್ನೆಯನ್ನು ಹಿಂದಿನವರು ಆಲೋಚಿಸಿದ್ದಾರೆ. ಪಾಲಿಯ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷುವು ಮಿಲಿಂದ ದೊರೆಗೆ ರಥದ ದೃಷ್ಟಾಂತ ಕೊಡುತ್ತಾನೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಅವನ್ನು ಬಿಟ್ಟು ರಥವೆಂಬುದು ಬೇರೆಯೂ ಇಲ್ಲ. ಅವೆಲ್ಲ ಕೂಡಿದಾಗ ನಾವು ಇಡುವ ಹೆಸರು ರಥ. ಗ್ರೀಕರಲ್ಲಿ ಪ್ಲುಟಾರ್ಕನು ಥೀಸಿಯಸ್ಸನ ಹಡಗಿನ ಮಾತೆತ್ತಿ, ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅದೇ ಹಡಗೋ ಬೇರೆಯೋ ಎಂಬ ತಾತ್ತ್ವಿಕರ ಜಗಳವನ್ನು ದಾಖಲಿಸಿದ್ದಾನೆ. ವಸ್ತುವೆಂದರೆ ಏನೆಂಬುದನ್ನು ಈ ಚರ್ಚೆಗಳು ಕೇಳುತ್ತವೆ. ಪಾನಾ ಹಿಡಿದು ಕುಳಿತವನಿಗೆ ಬೇಕಾದದ್ದು ಇನ್ನೊಂದು ಉತ್ತರ: ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು?

ಆ ಉತ್ತರದ ಸುಳಿವು ನಮಗೆ ಸಿಕ್ಕಿದ್ದು ಕನ್ನಡದ ಶಾಸನಗಳಲ್ಲಿ. ದೇವಾಲಯಗಳಿಗೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬರೆಸುವ ವಾಡಿಕೆಯಿತ್ತು. ಮುರಿದದ್ದು, ಬಿರಿದದ್ದು, ಜೀರ್ಣವಾದದ್ದು: ಉದ್ಧಾರ ಬೇಕಾದದ್ದು ಅದಕ್ಕೆ. ಗಟ್ಟಿಯಾಗಿರುವುದನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕೆಡವಿ ಹೊಸದು ಮಾಡುವುದು ಆ ಮಾತಿನ ಅರ್ಥದೊಳಗೆ ಬರುವುದಿಲ್ಲ.

ಸೊಲ್ಲಾಪುರದ ಸಿದ್ಧರಾಮನ ಕೆರೆ ನಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಆ ಶಿವಯೋಗಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ. ಅಂದಿನ ನೀರು ಇಂದಿಲ್ಲ, ಆದರೂ ಅದು ಸಿದ್ಧರಾಮನ ಕೆರೆಯೇ. ಯಾವ ಕೆರೆಯಾದರೂ ಉಳಿಯಬೇಕಾದರೆ ಹೂಳು ತೆಗೆಯಲೇಬೇಕು. ಆದರೆ ಹೂಳು ತೆಗೆಯುವ ಭರದಲ್ಲಿ ಗುದ್ದಲಿ ಏರಿಗೆ ತಾಗಬಾರದು. ಎರಡೂ ಮಣ್ಣೇ, ಒಂದು ಕೆರೆಯನ್ನು ಕೊಲ್ಲುವ ಮಣ್ಣು, ಇನ್ನೊಂದು ಕೆರೆಯನ್ನು ಕಟ್ಟಿದ ಮಣ್ಣು. ಜೀರ್ಣೋದ್ಧಾರದ ಎಲ್ಲ ವಿವೇಕವೂ ಈ ಎರಡನ್ನು ಬೇರೆಯಾಗಿ ಕಾಣುವುದರಲ್ಲಿದೆ.

ಈ ಕಣ್ಣಿನಿಂದ ನೋಡಿದಾಗ ಸೈಕಲ್ಲಿನ ಕೆಲಸ ಸ್ಪಷ್ಟವಾಯಿತು. ಕಲ್ಲಿನಂತಾಗಿದ್ದ ಹಳೆಯ ಗ್ರೀಸು ಹೂಳು. ಚಿಮಣಿ ಎಣ್ಣೆಯಲ್ಲಿ ನೆನೆಸಿ ತೆಗೆದೆವು. ಗಾಲಿಗಳ ತುಕ್ಕು ಹೂಳು. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ, ಬಣ್ಣಕ್ಕೆ ತಾಗದಂತೆ, ತೊಳೆದೆವು. ಚೌಕಟ್ಟಿನ ಕಪ್ಪು ಬಣ್ಣ ಅಲ್ಲಲ್ಲಿ ಮಾಸಿದ್ದರೂ ಅದು ಏರಿ. ಒರೆಸಿ, ತೆಳ್ಳಗೆ ಮೇಣ ಹಚ್ಚಿ ಬಿಟ್ಟೆವು. ಸೀಟಿನ ತೊಗಲು ಮುತ್ಯಾನವರ ಭಾರಕ್ಕೆ ಬಗ್ಗಿದ ಆಕಾರದಲ್ಲೇ ಒಣಗಿತ್ತು. ಅತಿಯಾಗಿ ಎಣ್ಣೆ ಕುಡಿಸಿದರೆ ತೊಗಲು ಸಡಿಲಾಗಿ ಆ ಆಕಾರ ಕೆಡುತ್ತದೆಂದು ತಿಳಿದು, ಕೆಳಮೈಗೆ ಸ್ವಲ್ಪವೇ ಸವರಿದೆವು. ಬ್ರೇಕಿನ ರಬ್ಬರು, ಟೈರು, ಟ್ಯೂಬುಗಳಲ್ಲಿ ಹಿಂದುಮುಂದು ನೋಡದೆ ಹೊಸವನ್ನು ಹಾಕಿದೆವು. ಹಾದಿಗೆ ಅಡ್ಡ ಬರುವ ಕೂಸಿನ ಜೀವಕ್ಕಿಂತ ಹಳೆಯ ರಬ್ಬರಿನ ಮೂಲತನ ದೊಡ್ಡದಲ್ಲ.

ಒಂದು ಕಡೆ ಮಾತ್ರ ಕಾಯಬೇಕಾಯಿತು. ಪೆಡಲಿನ ಅಚ್ಚನ್ನು ಹಿಡಿಯುವ ಬಟ್ಟಲೊಂದು ಸವೆದಿತ್ತು. ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ ಆ ಬಟ್ಟಲಿಗೆ ಸಾಮಾನ್ಯವಾಗಿ ಇಂಚಿಗೆ 24 ಸುತ್ತಿನ ಥ್ರೆಡ್ಡು, ರ್‍ಯಾಲೆಯವರದು 26. ಸಿಕ್ಕ ಬಟ್ಟಲನ್ನೇ ಒತ್ತಿ ಕೂರಿಸುತ್ತೇನೆ ಎಂದ ಮೇಸ್ತ್ರಿ. ಕೂರಿಸಿದ್ದರೆ ಸೈಕಲ್ಲು ಅಂದೇ ಓಡುತ್ತಿತ್ತು, ಚೌಕಟ್ಟಿನ ಒಳಗಿನ ಥ್ರೆಡ್ಡು ಮಾತ್ರ ಎಂದೆಂದಿಗೂ ಹಾಳಾಗುತ್ತಿತ್ತು. ನಾವು ಏಳು ತಿಂಗಳು ಕಾದು, ಚೌಕಟ್ಟು ಮುರಿದು ಗುಜರಿ ಸೇರಿದ್ದ ಇನ್ನೊಂದು ರ್‍ಯಾಲೆಯಿಂದ ಬಟ್ಟಲು ತಂದೆವು. ಇಂದು ನಾವು ಮಾಡಿದ್ದು ತಪ್ಪೆಂದು ಕಂಡರೆ ನಾಳಿನವರು ಅದನ್ನು ಬಿಚ್ಚಿ ಸರಿಪಡಿಸಲು ಬರಬೇಕು. ಅಷ್ಟು ಅವಕಾಶವನ್ನು ಅವರಿಗೆ ಉಳಿಸುವುದು ನಮ್ಮ ಧರ್ಮ.

ಇಷ್ಟೆಲ್ಲ ವಿವೇಕ ನಮಗೆ ಹುಟ್ಟಿದ್ದು ಒಂದು ತಪ್ಪಿನ ನಂತರ ಎಂಬುದನ್ನು ಮುಚ್ಚಿಡಬಾರದು. ಮೊದಲ ದಿನವೇ ಉತ್ಸಾಹದಲ್ಲಿ ಹಿಂದಿನ ಮಡ್‌ಗಾರ್ಡನ್ನು ಪಾಲಿಶ್ ಕಾಗದದಿಂದ ಉಜ್ಜತೊಡಗಿದ್ದೆವು. ಧೂಳಿನ ಅಡಿಯಲ್ಲಿ ಬಿಳಿ ಬಣ್ಣದ ಕೈಬರಹವಿತ್ತು. ನಮಗೆ ಅರಿವಾಗುವಷ್ಟರಲ್ಲಿ ಮೇಲಿನ ಸಾಲು ಅಳಿಸಿಹೋಗಿತ್ತು. ಉಳಿದದ್ದು ‘ಮಾಸ್ತರ’, ಅದರ ಕೆಳಗೆ ‘ಕನ್ನಡ ಸಾಲಿ’ ಎಂಬ ಅಕ್ಷರಗಳು. ಮೂವತ್ತು ವರ್ಷದ ಮಳೆ ಗಾಳಿ ಅಳಿಸದಿದ್ದುದನ್ನು ನಮ್ಮ ಪ್ರೀತಿ ಅರ್ಧ ಗಳಿಗೆಯಲ್ಲಿ ಅಳಿಸಿತು.

ಅಳಿದ ಸಾಲನ್ನು ಮತ್ತೆ ಬರೆಸಬೇಕೇ? ಅಲ್ಲಿ ಪೂರ್ತಿ ಹೆಸರಿತ್ತೆಂದು ನಮ್ಮ ಅತ್ತಿ ಹೇಳಿದರು. ಬರೀ ಅಡ್ಡಹೆಸರಿತ್ತೆಂದು ಕಾಕಾ ಹೇಳಿದರು. ಊರಿನ ಹೆಸರಿತ್ತೆಂದು ಮುತ್ಯಾನವರ ಹಳೆಯ ಶಿಷ್ಯರೊಬ್ಬರು ನೆನೆದರು. ಪುರಾತನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಊಹೆ ಮೊದಲಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ವಿಧಿಸುತ್ತದೆ. ಸೈಕಲ್ಲಿಗೂ ಆ ಮಾತು ಸಲ್ಲುತ್ತದೆ. ಗೊತ್ತಿಲ್ಲದ್ದನ್ನು ಚೆಂದವಾಗಿ ಬರೆಸಿದರೆ, ಮುಂದಿನವರು ಅದನ್ನು ಮುತ್ಯಾನವರದೆಂದೇ ನಂಬುತ್ತಾರೆ. ಆ ಜಾಗವನ್ನು ನಾವು ಖಾಲಿ ಬಿಟ್ಟೆವು. ಅದು ಈಗ ನಮ್ಮ ತಪ್ಪಿನ ಗುರುತಾಗಿಯೂ ಸೈಕಲ್ಲಿನ ಚರಿತ್ರೆಗೆ ಸೇರಿದೆ.

ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಈ ಮಾತು ಸೈಕಲ್ಲಿಗೆ ಮುಗಿಯುವುದಿಲ್ಲ. ‘ಸಾಲಿ’ ಎಂಬುದನ್ನು ‘ಶಾಲೆ’ ಎಂದು ತಿದ್ದಿಸೋಣವೆಂದವರೂ ನಮ್ಮಲ್ಲಿದ್ದರು. ನಮ್ಮ ಮಾತಿನ ‘ಬರೋಬರಿ’, ‘ಮಾಸ್ತರ’, ‘ಸಾಲಿ’ಗಳನ್ನು ತುಕ್ಕೆಂದು ಭಾವಿಸಿ, ಸಭೆಯಲ್ಲಿ ನಿಂತಾಗ ಉಜ್ಜಿ ತೆಗೆಯುವ ಅಭ್ಯಾಸ ನಮಗಿದೆ. ಮರಾಠಿಯ ನೆರೆಯಲ್ಲಿ ತಲೆಮಾರುಗಳ ಕಾಲ ಬಾಳಿದ ಕನ್ನಡದ ಬಣ್ಣ ಅದು, ಅದು ಏರಿ. ಹೂಳು ಬೇರೆ ಕಡೆ ತುಂಬುತ್ತಿದೆ. ಅಳಿದ ಸಾಲಿನ ಬಗ್ಗೆ ನಾವು ಹಿರಿಯರು ವಾದಿಸುತ್ತಿದ್ದಾಗ, ಇಂಗ್ಲಿಷ್ ಸಾಲೆಗೆ ಹೋಗುವ ಮನೆಯ ಹುಡುಗ ಉಳಿದ ಅಕ್ಷರಗಳ ಮೇಲೆ ಬೆರಳಿಟ್ಟು ಕೇಳಿದ: “ಇಲ್ಲಿ ಏನ ಬರದದ?”

ವಾದ ಅಲ್ಲಿಗೆ ನಿಂತಿತು. ಹೋದ ಅಕ್ಷರಕ್ಕಾಗಿ ಅಷ್ಟು ಮರುಗಿದ ನಾವು, ಇದ್ದ ಅಕ್ಷರವನ್ನು ಓದಬಲ್ಲವರು ಮನೆಯಲ್ಲಿ ಉಳಿಯುತ್ತಾರೋ ಇಲ್ಲವೋ ಎಂದು ನೋಡಿರಲಿಲ್ಲ. ಬಣ್ಣ, ತೊಗಲು, ಥ್ರೆಡ್ಡು ಎಲ್ಲವೂ ಮೂಲದ್ದೇ ಆಗಿದ್ದು, ಅದನ್ನು ಓದುವ ಕಣ್ಣು ಇಲ್ಲವಾದರೆ ಯಾರಿಗಾಗಿ ಉಳಿಸಿದಂತಾಯಿತು?

ಸೈಕಲ್ಲು ಈಗ ಓಡುತ್ತಿದೆ. ಓಡಿದಷ್ಟೂ ಸವೆಯುತ್ತದೆಂದು ಬಲ್ಲೆವು. ಸವೆಯಲೆಂದೇ ಹುಟ್ಟಿದ ವಸ್ತು ಅದು. ರವಿವಾರ ಮುಂಜಾನೆ ಅದನ್ನು ಒರೆಸುವ ಕೆಲಸ ಆ ಹುಡುಗನದು. ಮಡ್‌ಗಾರ್ಡಿನ ಹತ್ತಿರ ಬಂದಾಗ ಬಟ್ಟೆಯನ್ನು ಹಗುರಾಗಿ ಆಡಿಸುತ್ತಾನೆ. ಆಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ, ಅಲ್ಲಿರುವುದನ್ನು ಓದುತ್ತಾನೆ.