ಸೋರುವ ಟ್ಯಾಂಕಿನ ಲೆಕ್ಕ

ಮುಶ್ರಿಕರು ಒಮ್ಮೆ ಹಝ್ರತ್ ಸಲ್ಮಾನ್ ಫಾರಿಸೀ(ರ)ರನ್ನು ಗೇಲಿ ಮಾಡಿದರು. ನಿಮ್ಮ ಪ್ರವಾದಿ ನಿಮಗೆ ಶೌಚದ ಕ್ರಮವನ್ನೂ ಕಲಿಸುತ್ತಾರಂತಲ್ಲ ಎಂಬುದು ಅವರ ಕುಹಕ. ಸಲ್ಮಾನ್(ರ) ನಾಚಲಿಲ್ಲ. ಹೌದು, ಕಲಿಸಿದ್ದಾರೆ ಎಂದು ಒಪ್ಪಿಕೊಂಡು, ಕಿಬ್ಲಾಕ್ಕೆ ಮುಖ ಮಾಡಬಾರದು, ಬಲಗೈಯಿಂದ ಶುಚಿಗೊಳಿಸಬಾರದು ಎಂದು ಕಲಿತದ್ದನ್ನು ಹೇಳತೊಡಗಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆಯಿದೆ. ಆದುದರಿಂದ ಶೌಚಾಲಯದ ಫ್ಲಶ್ ಟ್ಯಾಂಕಿನ ಕುರಿತು ಬರೆಯಲು ನನಗೂ ನಾಚಿಕೆಯಿಲ್ಲ. ಪ್ರಿಯ ವಾಚಕರೇ, ತಾವೂ ಮೂಗು ಮುರಿಯಬೇಡಿ.

ನಮ್ಮ ಮಸೀದಿಯ ಹಿಂಬದಿಯಲ್ಲಿ ಅಂತಹ ಒಂದು ಟ್ಯಾಂಕು ಹಗಲಿರುಳು ಜಿನುಗುತ್ತಿತ್ತು. ನಲ್ಲಿ ತೊಟ್ಟಿಕ್ಕಿದರೆ ನೆಲ ಒದ್ದೆಯಾಗುತ್ತದೆ, ಯಾರಾದರೂ ಬೈಯುತ್ತಾರೆ. ಈ ನೀರು ಹಾಗಲ್ಲ. ಬಿಳಿ ಪಿಂಗಾಣಿಯ ಮೇಲೆ ನೂಲೆಳೆಯಂತೆ ಇಳಿದು ನೇರವಾಗಿ ಗುಂಡಿ ಸೇರುತ್ತದೆ. ಸುಬ್‌ಹ್‌ಗೆ ಮುಂಚಿನ ನಿಶ್ಶಬ್ದದಲ್ಲಿ ಅದರ ಸದ್ದು ಮಾತ್ರ ಕೇಳಿಸುತ್ತಿತ್ತು. ಕಮಿಟಿಯವರು ಸರಿಪಡಿಸುತ್ತಾರೆಂದು ಮುಅದ್ದಿನ್ ಭಾವಿಸಿದರು. ಮುಅದ್ದಿನ್ ತಿಳಿಸಿಯಾರೆಂದು ಕಮಿಟಿಯವರು ಸುಮ್ಮನಿದ್ದರು. ನಾನು ಪಾಠ ಹೇಳುವವನು, ನನಗೇಕೆ ಇದರ ಗೊಡವೆ ಎಂದುಕೊಂಡೆ. ಹೀಗೆ ಮೂರು ತಿಂಗಳು ಕಳೆಯಿತು.

ಎಪ್ರಿಲ್‌ನಲ್ಲಿ ಕೊಳವೆಬಾವಿ ಕೈಕೊಟ್ಟಿತು. ಟ್ಯಾಂಕರ್ ನೀರು ತರಿಸಬೇಕಾಯಿತು. ಜುಮಾದ ಬಳಿಕ ಎದ್ದು ನಿಂತು ವಂತಿಗೆ ಕೇಳಿದವನು ನಾನೇ. ಬೀಡಿ ಕಟ್ಟುವ ಒಬ್ಬ ತಾಯಿ ಮದ್ರಸಕ್ಕೆ ಬರುವ ಮೊಮ್ಮಗನ ಕೈಯಲ್ಲಿ ಇಪ್ಪತ್ತು ರೂಪಾಯಿ ಕಳುಹಿಸಿದರು. ಆ ನೋಟನ್ನು ಪೆಟ್ಟಿಗೆಗೆ ಹಾಕುವಾಗ ನನಗೇನೂ ಅನಿಸಲಿಲ್ಲ. ಆದರೆ ಆ ರಾತ್ರಿ ಇಶಾ ಮುಗಿಸಿ ಹೊರಬರುವಾಗ ಅದೇ ಸದ್ದು ಕೇಳಿಸಿತು. ಕಾಲು ಮುಂದೆ ಹೋಗಲಿಲ್ಲ.

ಟ್ಯಾಂಕಿಗೆ ನೀರು ಬರುವ ವಾಲ್ವನ್ನು ಮುಚ್ಚಿ, ಒಳಗಿನ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದು ಗಂಟೆಯ ಬಳಿಕ ನೋಡಿದರೆ ನೀರು ಇಳಿದಿತ್ತು. ಮತ್ತೆ ಆ ಗೆರೆ ಮುಟ್ಟಿಸಲು ಲೀಟರಿನ ಪಾತ್ರೆಯಲ್ಲಿ ಮೂರು ಬಾರಿ ಸುರಿಯಬೇಕಾಯಿತು. ಗಂಟೆಗೆ 3 ಲೀಟರ್ ಎಂದರೆ ದಿನಕ್ಕೆ 72. ಮೂರು ತಿಂಗಳಿಗೆ ಸುಮಾರು 6,480 ಲೀಟರ್. ನಾವು ವಂತಿಗೆ ಎತ್ತಿ ತರಿಸಿದ ಟ್ಯಾಂಕರಿನಲ್ಲಿದ್ದುದು 6,000 ಲೀಟರ್!

ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುದೂ ಮಾಡುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದಿದೆ. ಮುದ್ದ್ ಎಂದರೆ ಎರಡೂ ಅಂಗೈ ಸೇರಿಸಿದ ಒಂದು ಬೊಗಸೆಯಷ್ಟು. ವಿದ್ವಾಂಸರ ಲೆಕ್ಕಗಳಲ್ಲಿ ವ್ಯತ್ಯಾಸವಿದ್ದರೂ ಹೆಚ್ಚೆಂದರೆ ಒಂದು ಲೀಟರಿನಷ್ಟು. ಆ ಅಳತೆಯಲ್ಲಿ 72 ಲೀಟರಿನಿಂದ ಹದಿನಾಲ್ಕು ಮಂದಿ ಐದು ಹೊತ್ತೂ ವುದೂ ಮಾಡಬಹುದು. ಹರಿಯುವ ಹೊಳೆಯ ದಡದಲ್ಲೂ ನೀರನ್ನು ದುಂದು ಮಾಡಬಾರದೆಂಬ ಹದೀಸನ್ನು ನಾವೆಲ್ಲ ಮಿಂಬರಿನಿಂದ ಕೇಳಿದವರೇ. ಇಬ್ನು ಮಾಜಃದಲ್ಲಿರುವ ಅದರ ಸನದಿನ ಬಗ್ಗೆ ಹದೀಸ್ ವಿದ್ವಾಂಸರಿಗೆ ಆಕ್ಷೇಪವಿದೆ, ಅದನ್ನು ಹೇಳದೆ ಬಿಡಲಾರೆ. ಆದರೆ ದುಂದುವೆಚ್ಚ ಮಾಡುವವರು ಶೈತಾನನ ಸಹೋದರರೆಂದು ಅಲ್ಲಾಹನೇ ಸೂರಃ ಬನೀ ಇಸ್ರಾಈಲ್‌ನಲ್ಲಿ ಎಚ್ಚರಿಸಿರುವಾಗ ಬೇರೆ ಪುರಾವೆ ಬೇಕೇ?

ಅದೂ ಇದು ಮಸೀದಿಯ ನೀರು. ದರ್ಸ್‌ಗಳಲ್ಲಿ ಓದಿಸುವ ಫತ್‌ಹುಲ್ ಮುಈನ್‌ನಲ್ಲಿ ಒಂದು ಮಸ್‌ಅಲ ಇದೆ. ವುದೂವಿನಲ್ಲಿ ಅಂಗಗಳನ್ನು ಮೂರಕ್ಕಿಂತ ಹೆಚ್ಚು ಬಾರಿ ತೊಳೆಯುವುದು ಮಕ್ರೂಹ್. ಅದೇ ನೀರು ವಕ್ಫ್ ಆಗಿದ್ದರೆ ಆ ನಾಲ್ಕನೆಯ ಬಾರಿ ಹರಾಮ್. ನಾನು ಇದನ್ನು ಓದಿದ್ದೇನೆ, ಮಕ್ಕಳಿಗೆ ಓದಿಸಿಯೂ ಇದ್ದೇನೆ. ಒಂದು ಬೊಗಸೆಗೆ ಇಷ್ಟು ಕಟ್ಟುನಿಟ್ಟು! ಪಾಠ ಮುಗಿಸಿ ಆ ಸೋರುವ ಟ್ಯಾಂಕಿನ ಪಕ್ಕದಲ್ಲೇ ನಾನು ನಡೆದುಹೋಗುತ್ತಿದ್ದೆ.

ನಾನು ಕೈಯಾರೆ ಚೆಲ್ಲಲಿಲ್ಲವಲ್ಲ, ತಾನಾಗಿ ಸೋರಿದ್ದಕ್ಕೆ ನಾನು ಹೊಣೆಯೇ ಎಂದು ಮನಸ್ಸು ವಾದಿಸಿತು. ಆದರೆ ಅಮಾನತ್ತಿನ ವಿಷಯದಲ್ಲಿ ನೋಡಿಯೂ ನಿರ್ಲಕ್ಷಿಸಿದವನು ಬಾಧ್ಯಸ್ಥನೆಂದು ಫಿಕ್ಹ್ ಹೇಳುತ್ತದೆ. ಮರುದಿನ ಕಮಿಟಿಯ ಹಿರಿಯರೊಬ್ಬರಿಗೆ ಮತ್ತು ಮುಅದ್ದಿನರಿಗೆ ಲೆಕ್ಕ ತೋರಿಸಿದೆ. ಯಾರೂ ಯಾರನ್ನೂ ದೂರಲಿಲ್ಲ. ಒಂದು ಟ್ಯಾಂಕರಿನ ಬೆಲೆಯನ್ನು ಮೂವರೂ ಹಂಚಿಕೊಂಡು ಮಸೀದಿಯ ಪೆಟ್ಟಿಗೆಗೆ ಹಾಕಿದೆವು. ಇದು ಫತ್ವಾ ಅಲ್ಲ. ಆ ಇಪ್ಪತ್ತು ರೂಪಾಯಿಯ ಭಾರ ನಮ್ಮಿಂದ ಇಳಿಯಲೆಂದು ಮಾಡಿದ್ದು.

ದುರಸ್ತಿಗೆ ಹಿಡಿದದ್ದು ಅರ್ಧ ಗಂಟೆ. ಟ್ಯಾಂಕನ್ನು ಖಾಲಿ ಮಾಡಿ ತಳದ ವಾಲ್ವನ್ನು ಬಿಚ್ಚಿದರೆ, ಗಡಸು ನೀರಿನ ಸುಣ್ಣ ಮತ್ತು ಕೆಸರು ರಬ್ಬರ್ ವಾಷರಿನ ಅಡಿಯಲ್ಲಿ ಕೂತಿತ್ತು. ರಬ್ಬರೂ ಸೆಟೆದುಹೋಗಿತ್ತು. ಕೂರುವ ಜಾಗವನ್ನು ಉಜ್ಜಿ ತೊಳೆದು ಹೊಸ ವಾಷರ್ ಹಾಕಿದೆವು. ಟೀ ಕುಡಿಯುವಷ್ಟು ಹಣ ಸಾಕಾಯಿತು.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸಲು ಜಲಮಂಡಳಿ ಆದೇಶಿಸಿತ್ತು. ಕಾರು ತೊಳೆಯುವುದು ಬೀದಿಗೆ ಕಾಣುತ್ತದೆ. ಮುಚ್ಚಿದ ಬಾಗಿಲ ಹಿಂದೆ ಸೋರುವುದನ್ನು ಯಾವ ಅಧಿಕಾರಿ ನೋಡಿಯಾನು? ಸಣ್ಣ ಪಾಪವನ್ನು ಬಿಡದೆ ಮಾಡುತ್ತಿರುವುದರ ಕುರಿತು ಇಮಾಮ್ ಗಝಾಲಿ(ರ) ಇಹ್ಯಾದ ತೌಬಾ ಅಧ್ಯಾಯದಲ್ಲಿ ಕೊಟ್ಟ ಉದಾಹರಣೆಯೂ ನೀರಿನದೇ. ಕಲ್ಲಿನ ಮೇಲೆ ಎಡೆಬಿಡದೆ ಬೀಳುವ ಹನಿ ಅದರಲ್ಲಿ ಗುರುತು ಮಾಡುತ್ತದೆ, ಅಷ್ಟೇ ನೀರನ್ನು ಒಮ್ಮೆಲೇ ಸುರಿದರೆ ಏನೂ ಆಗುವುದಿಲ್ಲ.

ಇಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ತಾವು ಒಂದು ಕೆಲಸ ಮಾಡಿ. ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಟ್ಯಾಂಕಿಗೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾಯಿರಿ. ಮೊದಲು ಟ್ಯಾಂಕಿನೊಳಗೆ ನೋಡಿ. ನೀರು ಒಳಗಿರುವ ಕೊಳವೆಯ ಬಾಯಿಗೆ ಏರಿ ಅದರೊಳಗೆ ಇಳಿಯುತ್ತಿದ್ದರೆ ತಪ್ಪು ಮೇಲಿನ ತೇಲುಗುಂಡಿನದು. ಅದನ್ನು ಸ್ವಲ್ಪ ತಗ್ಗಿಸಬೇಕು. ಹಾಗಲ್ಲದೆ ಕೆಳಗಿನ ಪಿಂಗಾಣಿಯಲ್ಲಿ ನೀಲಿ ಕಂಡರೆ ತಳದ ವಾಷರ್ ಸವೆದಿದೆ. ಅಂಗಡಿಗೆ ಹೋಗುವಾಗ ಹಳೆಯ ವಾಷರನ್ನು ಜೊತೆಗೆ ಒಯ್ಯಿರಿ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಸೋರುತ್ತದೆ.