ದಿಗ್ವ್ರತ ಮತ್ತು ವಿಲಾಸನೌಕೆ

ಸಮುದ್ರಯಾನವು ಜೈನ ವಣಿಕರಿಗೆ ಹೊಸತಲ್ಲ. ಪುರಾಣಪ್ರಸಿದ್ಧನಾದ ಚಾರುದತ್ತನು ಕಳೆದುಕೊಂಡ ಐಶ್ವರ್ಯವನ್ನು ಮರಳಿ ಗಳಿಸಲು ಕಡಲಯಾನ ಕೈಗೊಂಡವನು. ಅಂಥ ಯಾನಕ್ಕೆ ಜೀವನೋಪಾಯವೆಂಬ ಕಾರಣವಿತ್ತು. ಇಂದು ಜಗತ್ತಿನ ಅತಿ ಶ್ರೀಮಂತರಲ್ಲಿ ಬೇರೊಂದು ಬಗೆಯ ಯಾನವು ಪ್ರಿಯವಾಗುತ್ತಿದೆ. ಹಿಂದೆ ಅವರ ಖಾಸಗಿ ನೌಕೆಗಳು ಬಹುಮಟ್ಟಿಗೆ ಮೆಡಿಟರೇನಿಯನ್, ಕೆರಿಬಿಯನ್ ತೀರಗಳಲ್ಲಿ ವಿಹರಿಸುತ್ತಿದ್ದವು. ಈಗ ಹಿಮರಾಶಿಯ ನಡುವೆ ಸಾಗಬಲ್ಲ ನೌಕೆಗಳನ್ನು ಕಟ್ಟಿಸಿ, ಅರಮನೆಯ ಸುಖವನ್ನು ಬಿಡದೆಯೇ ಧ್ರುವಪ್ರದೇಶಗಳಿಗೆ ಹೋಗುವುದು ಸಾಹಸವೆನಿಸಿದೆ. ಇದರಲ್ಲಿ ದೋಷವಿದೆಯೆ? ಇದ್ದರೆ ಅದು ಸಂಪತ್ತಿನಲ್ಲಿದೆಯೊ, ದೂರದಲ್ಲಿದೆಯೊ?

ಗೃಹಸ್ಥನು ಹತ್ತು ದಿಕ್ಕುಗಳಲ್ಲಿಯೂ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅದರಾಚೆಗೆ ಹೋಗೆನೆಂದು ಸಂಕಲ್ಪಿಸುವುದೇ ದಿಗ್ವ್ರತ. ಅಂಥ ಎಲ್ಲೆಗಳನ್ನು ಎಣಿಸುವಾಗ ಆಚಾರ್ಯ ಸಮಂತಭದ್ರರು ಮೊದಲು ಹೇಳುವುದು ಸಮುದ್ರವನ್ನೇ. ಈ ವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವನ್ನು ಹಿಗ್ಗಿಸುವುದು, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು.

ಮೈಕ್ರೋಸಾಫ್ಟ್ ಸಂಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ಅವರಿಗಾಗಿ 2003ರಲ್ಲಿ ಸಿದ್ಧವಾದ ‘ಆಕ್ಟೋಪಸ್’ ನೌಕೆಯ ಉದ್ದ 126 ಮೀಟರು. ಮೇಲೇರಲು ಹೆಲಿಕಾಪ್ಟರ್, ಕೆಳಗಿಳಿಯಲು ಜಲಾಂತರ್ಗಾಮಿ, ಎರಡಕ್ಕೂ ಅದರಲ್ಲಿ ಏರ್ಪಾಡಿತ್ತು. ಮೇಲೆ, ಕೆಳಗೆ, ಅಡ್ಡಲಾಗಿ ಎಂಬ ಮೂರು ಮಾರ್ಗಗಳೂ ಒಂದೇ ಹಡಗಿನಲ್ಲಿ ಕೂಡಿದ್ದವು. ಅದರಿಂದ ಉಪಕಾರವಾಗಿಲ್ಲವೆಂದು ಹೇಳುವುದು ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ ಜಪಾನಿನ ‘ಮುಸಾಶಿ’ ಯುದ್ಧನೌಕೆಯ ಅವಶೇಷವು 2015ರಲ್ಲಿ ಫಿಲಿಪೀನ್ಸ್ ಬಳಿ ಪತ್ತೆಯಾದುದು ಅಲೆನ್ ಅವರ ಶೋಧತಂಡದಿಂದ. ಅದೇ ವರ್ಷ ಬ್ರಿಟನ್ನಿನ ‘ಹುಡ್’ ಯುದ್ಧನೌಕೆಯ ಗಂಟೆಯನ್ನೂ ಕಡಲ ತಳದಿಂದ ಎತ್ತಿ, ಮಡಿದ ನಾವಿಕರ ಸ್ಮಾರಕವಾಗಿ ಒಪ್ಪಿಸಲಾಯಿತು.

ಆದರೆ 2016ರ ಜನವರಿಯಲ್ಲಿ ಅವರದೇ ಇನ್ನೊಂದು ನೌಕೆ ‘ಟಟೂಶ್’ನ ಲಂಗರಿನ ಸರಪಳಿಯಿಂದ ಕೇಮನ್ ದ್ವೀಪಗಳ ಹವಳದ ದಿಬ್ಬಕ್ಕೆ ಹಾನಿಯಾಯಿತೆಂದು ಅಲ್ಲಿನ ಪರಿಸರ ಇಲಾಖೆ ತಿಳಿಸಿತು. ಬಂದರಿನವರು ತೋರಿಸಿದ ಸ್ಥಳದಲ್ಲಿಯೇ ಲಂಗರು ಹಾಕಿದ್ದು, ಗಾಳಿ ತಿರುಗಿದ್ದರಿಂದ ಹೀಗಾಯಿತೆಂದು ಮಾಲೀಕರ ಕಡೆಯವರು ವಿವರಿಸಿದರು. ಆ ವಿವರಣೆಯನ್ನು ಪೂರ್ಣವಾಗಿ ಒಪ್ಪಿಕೊಂಡರೂ ಧರ್ಮದ ಪ್ರಶ್ನೆ ಮುಗಿಯುವುದಿಲ್ಲ. ಇಲ್ಲಿ ಸಂಕಲ್ಪಹಿಂಸೆ ಇಲ್ಲ, ನಿಜ. ಆದರೆ ಕಾರಣವಿಲ್ಲದೆ ತಾನು ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಶಾಸ್ತ್ರಕಾರರು ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಎಚ್ಚರಿಕೆಯಿಂದ ಹೋದವನಿಂದಲೂ ಹಾನಿಯಾಗಬಹುದು. ಹೋಗದವನಿಂದ ಆ ಸ್ಥಳದಲ್ಲಿ ಅಣುವಿನಷ್ಟು ಹಿಂಸೆಯೂ ಆಗದು. ದಿಗ್ವ್ರತದ ಫಲವೆಂದು ಸಮಂತಭದ್ರರು ಹೇಳಿರುವುದೂ ಇದನ್ನೇ.

ಲೋಕವೂ ಈ ವಿವೇಕವನ್ನು ಸ್ವಲ್ಪಮಟ್ಟಿಗೆ ಕಂಡುಕೊಂಡಿದೆ. ಅಂಟಾರ್ಕ್ಟಿಕದ ಪರಿಸರ ರಕ್ಷಣೆಗಾಗಿ 1991ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ರಾಷ್ಟ್ರಗಳು ಸಹಿ ಹಾಕಿದ ಒಡಂಬಡಿಕೆಯು 1998ರಲ್ಲಿ ಜಾರಿಗೆ ಬಂದಿತು. ಅಲ್ಲಿನ ಪ್ರವಾಸ ನಿರ್ವಾಹಕರ ಸಂಘದ ನಿಯಮದಂತೆ ಒಂದು ಸ್ಥಳದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಇವು ಸ್ತುತ್ಯವಾದ ನಿಯಮಗಳು. ಆದರೂ ಹೊರಗಿನ ನಿಯಮವು ಜನರ ಸಂಖ್ಯೆಗೆ ಮಿತಿ ಹಾಕೀತೇ ಹೊರತು, ಹೋಗಬೇಕೆಂಬ ಆಸೆಗೆ ಮಿತಿ ಹಾಕಲಾರದು.

ದೋಷವಿರುವುದು ಸಂಪತ್ತಿನಲ್ಲಾಗಲಿ ದೂರದಲ್ಲಾಗಲಿ ಅಲ್ಲ. ವ್ಯಾಪಾರಿಯ ಎಲ್ಲೆ ಹಿರಿದಾಗಿರಬಹುದು, ಕೃಷಿಕನದು ಕಿರಿದಾಗಿರಬಹುದು, ಎರಡೂ ವ್ರತವೇ. ಆದರೆ ಎಲ್ಲೆಯು ಆಸೆಗಿಂತ ಮೊದಲೇ ನಿಶ್ಚಿತವಾಗಿರಬೇಕು. ಹಣ ಬಂದಂತೆಲ್ಲ ಎಲ್ಲೆಯನ್ನು ಸರಿಸುತ್ತ ಹೋದರೆ ಅದು ಕ್ಷೇತ್ರವೃದ್ಧಿ. ವಿಲಾಸನೌಕೆಯನ್ನು ಕೊಳ್ಳುವವರು ಅತಿ ವಿರಳ. ಆದರೆ ವರ್ಷಕ್ಕೊಂದು ದೂರದ ದೇಶವನ್ನು ಪಟ್ಟಿಗೆ ಸೇರಿಸುವ ಅಭ್ಯಾಸವು ಸಾಧಾರಣ ಸ್ಥಿತಿವಂತರ ಮನೆಗಳಿಗೂ ಬಂದಿದೆ. ರಜೆಯ ಪ್ರವಾಸವನ್ನು ಗೊತ್ತುಮಾಡುವ ಮುನ್ನ ಮನೆಯವರೆಲ್ಲ ಕೂಡಿ ಕುಳಿತು, ಎಲ್ಲಿಯವರೆಗೆ, ಯಾವ ಪ್ರಯೋಜನಕ್ಕೆ ಎಂದು ನಿಶ್ಚಯಿಸಿ ಬರೆದಿಡುವುದು ಇಂದಿಗೂ ಆಚರಿಸಬಹುದಾದ ದಿಗ್ವ್ರತವೇ ಆಗಿದೆ.